ಮಸುಕು ಕೆಂಪಿಗೆ ಕೊಟ್ಟ ಕೃಪಾಂಕ

ಮಗಳೇ,

ಪತ್ರದ ನೆತ್ತಿಯ ಮೇಲೆ ಆಶೀರ್ವಾದ ಬರೆಯುವುದು ವಾಡಿಕೆ. ಹಿರಿಯರು ಕಿರಿಯರಿಗೆ ಬರೆಯುವಾಗ ಅದನ್ನು ಬಿಡಬಾರದೆಂದು ಮೂವತ್ತೆಂಟು ವರ್ಷ ತರಗತಿಯಲ್ಲಿ ಹೇಳಿಕೊಟ್ಟವನು ನಾನು. ಬಿಟ್ಟವರಿಗೆ ಒಂದು ಅಂಕ ಕಳೆದವನೂ ನಾನೇ. ಇಂದು ನಾನೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಓದಿದ ಮೇಲೆ, ಅದನ್ನು ನನ್ನ ಕೈಯಿಂದ ಪಡೆಯಬೇಕೋ ಬೇಡವೋ ಎಂಬುದನ್ನು ನೀನೇ ತೀರ್ಮಾನಿಸು.

ಒಂದೇ ಸೂರಿನ ಕೆಳಗಿರುವವಳಿಗೆ ಕಾಗದ ಬರೆಯುವುದು ವಿಚಿತ್ರವೆಂದು ನನಗೂ ಗೊತ್ತು. ನೀನು ಬೆಳಿಗ್ಗೆ ಏಳೂವರೆಗೆ ಕೋಳಿಮರಿ ಕೇಂದ್ರಕ್ಕೆ ಹೊರಡುತ್ತೀಯೆ, ಸಂಜೆ ಆರಕ್ಕೆ ಬರುತ್ತೀಯೆ. ಬಂದವಳು ಕೈ ತೊಳೆದುಕೊಂಡು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಔಷಧದ ಹನಿ ಹಾಕಿ, “ಮಿಟುಕಿಸಬೇಡಿ ಅಪ್ಪ” ಎನ್ನುತ್ತೀಯೆ. ಕಳೆದ ಎಂಟು ದಿನಗಳಿಂದ, ಆ ಹನಿ ಬೀಳುವ ಹೊತ್ತಿಗೆ ಹೇಳಿಬಿಡಬೇಕೆಂದು ಮಾತನ್ನು ನಾಲಗೆಯ ತುದಿಯವರೆಗೆ ತಂದು ಮತ್ತೆ ನುಂಗಿದ್ದೇನೆ. ನನ್ನ ಗಲ್ಲವನ್ನು ಹಿಡಿದುಕೊಂಡ ನಿನ್ನ ಕೈ ಸಡಿಲವಾಗುವುದನ್ನು ಸಹಿಸುವ ಶಕ್ತಿ ನನಗಿರಲಿಲ್ಲ.

ಮೊದಲು ವಿಷಯ, ಅನಂತರ ವಿವರಣೆ. ಅದೂ ನಾನೇ ಕಲಿಸಿದ ನಿಯಮ. ವಿಷಯ ಇಷ್ಟು: ಒಂಬತ್ತು ವರ್ಷಗಳ ಹಿಂದೆ ನಿನ್ನ ಸಂಶೋಧನೆಗಾಗಿ ನಾನು ಎಣಿಸಿಕೊಟ್ಟ ಲೆಕ್ಕ ಸುಳ್ಳು. ನಿನ್ನ ಪ್ರಯೋಗಾಲಯದಲ್ಲಿ ಭ್ರೂಣಗಳನ್ನು ಪದರ ಪದರವಾಗಿ ಕತ್ತರಿಸುತ್ತಿದ್ದ, ನೀನು ‘ಪದರದಕ್ಕ’ ಎಂದು ಕರೆಯುತ್ತಿದ್ದ ಆ ಹೆಂಗಸು ಓರೆಯಾಗಿ ಕತ್ತರಿಸಿರಲಿಲ್ಲ. ಸೂಜಿ ಹಿಡಿದ ನಿನ್ನ ಕೈಯೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಪೆನ್ಸಿಲು.

ಈಗ ವಿವರಣೆ.

ನೀನು ನನಗೆ ಮೊದಲ ಬಾರಿಗೆ ಭ್ರೂಣ ತೋರಿಸಿದ ದಿನ ನೆನಪಿದೆಯೇ? ಮೂರನೆಯ ಮಹಡಿಯ ಆ ಕಿರಿದಾದ ಕೋಣೆ, ಕಾವಿನ ಪೆಟ್ಟಿಗೆಯ ಏಕತಾನದ ಗುಂಯ್ ಶಬ್ದ, ತಟ್ಟೆಗಳಲ್ಲಿ ಅಡ್ಡಡ್ಡ ಮಲಗಿದ್ದ ಮೊಟ್ಟೆಗಳು. ನೀನು ಬಾಗಿದ ಮೂತಿಯ ಕತ್ತರಿಯಿಂದ ಚಿಪ್ಪಿನಲ್ಲಿ ಉಗುರಿನಷ್ಟು ಕಿಟಕಿ ಕೊರೆದು, ಬೆಳ್ಳಗಿನ ಆ ಜೀವ ಎದ್ದು ಕಾಣಲೆಂದು ಅದರ ಕೆಳಗೆ ಒಂದು ತೊಟ್ಟು ಶಾಯಿ ಬಿಟ್ಟೆ. ಎರಡೇ ದಿನದ್ದು. ಹಳದಿಯ ಮೇಲೆ ಯಾರೋ ಬರೆದಿಟ್ಟ ಅಲ್ಪವಿರಾಮದ ಹಾಗಿತ್ತು. ಹೃದಯವೆಂದು ನೀನು ತೋರಿಸಿದ ಚುಕ್ಕೆ ಆಗಲೇ ಮಿಡಿಯುತ್ತಿತ್ತು. ಬೆನ್ನಿನ ಮೇಲಿನ ಹಾಳೆಯ ಎರಡು ಅಂಚುಗಳು ಮೇಲೆದ್ದು, ಒಂದನ್ನೊಂದು ಮುಟ್ಟಿ, ಬೆಸೆದುಕೊಂಡು ಕೊಳವೆಯಾಗುತ್ತವೆಂದೂ, ಆ ಕೊಳವೆಯ ಮುಂದುಗಡೆ ಮಿದುಳಾಗಿ ಉಳಿದದ್ದು ಬೆನ್ನುಹುರಿಯಾಗುತ್ತದೆಂದೂ ಹೇಳಿದೆ.

“ಅಪ್ಪ, ಈ ಗೋಡೆಯಲ್ಲಿರೋ ಒಂದೊಂದು ಕೋಶಕ್ಕೂ ನರಕೋಶ ಆಗೋದು ಹೇಗೆ ಅಂತ ಗೊತ್ತು. ಗೊತ್ತಿದ್ದೂ ಸುಮ್ಮನಿರುತ್ತೆ. ಯಾಕೆ ಸುಮ್ಮನಿರುತ್ತೆ, ಯಾವಾಗ ಬಾಯಿ ಬಿಡುತ್ತೆ, ಅದೇ ನನ್ನ ಕೆಲಸ” ಎಂದೆ.

ನಾನು ಭಾಷೆಯ ಮೇಷ್ಟ್ರು. ನಿನ್ನ ಶಾಸ್ತ್ರ ನನಗೆ ಅರ್ಧ ತಿಳಿದಿತ್ತು, ಆದರೆ ಆ ಅರ್ಧ ಚೆನ್ನಾಗಿ ತಿಳಿದಿತ್ತು. ನರಕೋಶವನ್ನು ರೂಪಿಸುವ ವಂಶವಾಹಿಗಳು ಚರ್ಮದ ಕೋಶದಲ್ಲೂ ಇವೆ, ಯಕೃತ್ತಿನ ಕೋಶದಲ್ಲೂ ಇವೆ. ಎಲ್ಲೆಡೆ ಅವು ಮಾತನಾಡದಂತೆ ಅವುಗಳ ಮೇಲೆ ಒಂದು ಪ್ರೋಟೀನು ಕುಳಿತಿರುತ್ತದೆ. ಕೊಳವೆಯ ಗೋಡೆಯಲ್ಲಿ ಮಾತ್ರ, ಗೊತ್ತಾದ ಗಳಿಗೆಯಲ್ಲಿ, ಅದು ಎದ್ದುಹೋಗುತ್ತದೆ. ಆಗ ಕೋಶ ಇಬ್ಭಾಗವಾಗುವುದನ್ನು ನಿಲ್ಲಿಸಿ, ಗೋಡೆಯ ಹೊರ ಅಂಚಿಗೆ ಸರಿದು, ನರಕೋಶವಾಗುತ್ತದೆ. ಬೇಗ ಎದ್ದರೆ ಕೋಶಗಳ ಸಂಖ್ಯೆ ಸಾಲದು. ತಡವಾಗಿ ಎದ್ದರೆ ಕೋಶ ಬೇರೇನೋ ಆಗಿಹೋಗಿರುತ್ತದೆ; ಮತ್ತೆ ಕರೆದರೂ ಬಾರದು.

ಆ ಪ್ರೋಟೀನಿಗೆ ಕನ್ನಡದಲ್ಲಿ ಒಂದು ಹೆಸರು ಬೇಕೆಂದು ನೀನು ಕೇಳಿದಾಗ ನಾನು ಮೂರು ದಿನ ಯೋಚಿಸಿ ‘ನಿಶ್ಶಬ್ದಕ’ ಎಂದು ಕೊಟ್ಟೆ. ನೀನು ನಗುತ್ತ, “ಅಪ್ಪ, ಅದು ಬಂದೂಕಿನ ಮೂತಿಗೆ ಹಾಕೋ ಸಾಮಾನು” ಎಂದೆ. ಕೊನೆಗೆ ಇಬ್ಬರೂ ‘ಕಾವಲುಗಾರ’ ಎಂಬುದಕ್ಕೆ ಒಪ್ಪಿದೆವು. ಕಾವಲುಗಾರನನ್ನು ಎಬ್ಬಿಸಿ ಕಳುಹಿಸುವವರು ಯಾರು ಎನ್ನುವುದು ನಿನ್ನ ಪ್ರಶ್ನೆ. ತಾನಾಗಿ ಏನನ್ನೂ ತಯಾರಿಸದ, ದೂರದಲ್ಲಿದ್ದುಕೊಂಡೇ ಕಾವಲುಗಾರನ ವಂಶವಾಹಿಯ ಕೆಲಸವನ್ನು ಹೆಚ್ಚಿಸುವ ಒಂದು ಸಣ್ಣ ಡಿಎನ್‌ಎ ತುಣುಕನ್ನು ನೀನು ಪತ್ತೆಮಾಡಿದ್ದೆ. ಆ ತುಣುಕಿನ ಬಾಯಿ ಕಟ್ಟಿದರೆ ಕಾವಲು ಸಡಿಲಾಗಬೇಕು, ಕಾವಲು ಸಡಿಲಾದರೆ ನರಕೋಶಗಳು ಹೆಚ್ಚಬೇಕು. ಗಾಜಿನ ಸೂಜಿಯಿಂದ ಕೊಳವೆಯೊಳಕ್ಕೆ ಹಾಗೆ ಬಾಯಿ ಕಟ್ಟುವ ದ್ರವ ತುಂಬಿ, ಎರಡು ತಂತಿಗಳ ನಡುವೆ ಐದು ಸಲ ಪುಟ್ಟ ವಿದ್ಯುತ್ತು ಹಾಯಿಸಿದರೆ, ಅದು ಒಂದೇ ಪಕ್ಕದ ಗೋಡೆಗೆ ಸೇರುತ್ತಿತ್ತು. ಇನ್ನೊಂದು ಪಕ್ಕ ಏನೂ ಆಗದೆ ಸಾಕ್ಷಿಯಾಗಿ ಉಳಿಯುತ್ತಿತ್ತು. ಒಂದೇ ಜೀವದಲ್ಲಿ ಪ್ರಶ್ನೆಯೂ ಉತ್ತರ ಹೋಲಿಸುವ ಹಾಳೆಯೂ ಇರುವುದು ನನಗೆ ಬಹಳ ಹಿಡಿಸಿತ್ತು.

ಎರಡು ದಿನ ಮತ್ತೆ ಕಾವು ಕೊಟ್ಟ ಮೇಲೆ ನೀನು ಆ ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಪದರದಕ್ಕನ ಮುಂದಿಡುತ್ತಿದ್ದೆ. ಕೂದಲಿಗಿಂತ ತೆಳ್ಳನೆಯ ಪದರಗಳನ್ನು ಆಕೆ ಕುಂಚದ ತುದಿಯಲ್ಲಿ ಎತ್ತುವುದನ್ನು ನಾನು ಒಂದು ಸಲ ನೋಡಿದೆ. ಉಸಿರು ಹಿಡಿದೇ ಕತ್ತರಿಸುತ್ತಿದ್ದಳು. ನಾನು ಏನೋ ಕೇಳಲು ಹೋದರೆ, “ಮೇಷ್ಟ್ರೇ, ಮಾತಾಡ್ಸಬೇಡಿ, ನಾನು ಉಸಿರು ಬಿಟ್ರೆ ನಿಮ್ಮ ಮಗಳ ಒಂದು ವಾರ ಹಾರಿಹೋಗುತ್ತೆ” ಎಂದಳು.

ಎಣಿಸುವ ಕೆಲಸ ಉಳಿಯಿತು. ಯಾವುದು ಚುಚ್ಚಿದ ಪಕ್ಕ, ಯಾವುದು ಸಾಕ್ಷಿಯ ಪಕ್ಕ ಎಂದು ತಿಳಿಯದವರೇ ಎಣಿಸಬೇಕೆಂಬುದು ನಿಮ್ಮಲ್ಲಿನ ಕಟ್ಟುಪಾಡು. ಉತ್ತರಪತ್ರಿಕೆಯ ನೋಂದಣಿ ಸಂಖ್ಯೆಯನ್ನು ಮಡಿಸಿ ಅಂಟಿಸುವ ನಮ್ಮ ಕಟ್ಟುಪಾಡೂ ಅದೇ. ಪ್ರಯೋಗಾಲಯದ ಹಿರಿಯ ವಿಜ್ಞಾನಿ ಯಾರಿಂದ ಎಣಿಸುತ್ತೀ ಎಂದು ಕೇಳಿದಾಗ ನೀನು ಕೊಟ್ಟ ಉತ್ತರವನ್ನು ಮನೆಗೆ ಬಂದು ಹೆಮ್ಮೆಯಿಂದ ವರದಿ ಮಾಡಿದೆ: “ನಮ್ಮಪ್ಪನ ಕೈಲಿ. ಅವರು ದೇವರು ಪರೀಕ್ಷೆಗೆ ಕೂತ್ರೂ ಕೃಪಾಂಕ ಕೊಡೋರಲ್ಲ.”

ಅಮ್ಮ ಹೋಗಿ ಆಗ ಐದು ತಿಂಗಳಾಗಿತ್ತು. ನನಗೊಂದು ಕೆಲಸವಿರಲಿ ಎಂಬುದೂ ನಿನ್ನ ಮನಸ್ಸಿನಲ್ಲಿದ್ದಿರಬೇಕು. ಕಂಪ್ಯೂಟರಿನ ಪರದೆ ನೋಡಿದರೆ ನನಗೆ ತಲೆಸುತ್ತು ಬರುತ್ತದೆಂದು ನೀನು ಅರವತ್ತನಾಲ್ಕು ಚಿತ್ರಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿದೆ. ಪ್ರತಿಯೊಂದನ್ನೂ ನಡುವೆ ಕತ್ತರಿಸಿ, ಎಡಬಲ ತಿಳಿಯದಂತೆ ಒಂದರ್ಧವನ್ನು ಕನ್ನಡಿಯ ಬಿಂಬದ ಹಾಗೆ ತಿರುಗಿಸಿ, ಎಲ್ಲವನ್ನೂ ಕಲಸಿ, ಸಂಖ್ಯೆ ಕೊಟ್ಟೆ. ನೂರ ಇಪ್ಪತ್ತೆಂಟು ಅರ್ಧಚಿತ್ರಗಳು. ನರಕೋಶವಾದದ್ದು ಕೆಂಪಾಗಿ ಹೊಳೆಯುತ್ತಿತ್ತು. ನಿನ್ನ ಕೈಬರಹದ ಸೂಚನೆ ಈಗಲೂ ಪೆಟ್ಟಿಗೆಯಲ್ಲಿದೆ: ಸ್ಪಷ್ಟವಾದ ಕೆಂಪನ್ನು ಮಾತ್ರ ಎಣಿಸಿ. ಅನುಮಾನ ಬಂದರೆ ಬಿಡಿ. ಎಲ್ಲಕ್ಕೂ ಒಂದೇ ನಿಯಮ.

ಊಟದ ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ, ಭೂತಗನ್ನಡಿ ಹಿಡಿದು ಕುಳಿತೆ. ಮೊದಲ ಇಪ್ಪತ್ತನ್ನು ನಾನು ಎಣಿಸಿದ ಹಾಗೆ ಈ ಜಗತ್ತಿನಲ್ಲಿ ಯಾರೂ ಎಣಿಸಿರಲಾರರು. ಇಪ್ಪತ್ತೊಂದನೆಯದೋ ಇಪ್ಪತ್ತೆರಡನೆಯದೋ ಕೈಯಲ್ಲಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೆಲವು ಅರ್ಧಗಳಲ್ಲಿ ಗೋಡೆಯ ಒಳ ಅಂಚು ತುಸುವೇ ಒಳಕ್ಕೆ ಬಾಗಿತ್ತು, ಬಿಸಿ ತಗಲಿದ ಕಾಗದದ ಹಾಗೆ. ಉಳಿದವುಗಳಲ್ಲಿ ಅದು ನೇರವಾಗಿತ್ತು. ವಿದ್ಯುತ್ತು ಹಾಯ್ದ ಪಕ್ಕ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನೀವು ಯಾರೂ ಗಮನಿಸದಷ್ಟು ಸಣ್ಣ ಬಾಗು ಅದು. ಆದರೆ ನೋಂದಣಿ ಸಂಖ್ಯೆ ಮುಚ್ಚಿದ್ದರೂ ಅಕ್ಷರದ ಬಾಲ ನೋಡಿ ಹುಡುಗರ ಮುಖ ಹೇಳಬಲ್ಲವನ ಕಣ್ಣು ನನ್ನದು.

ಆ ಕ್ಷಣವೇ ಕಟ್ಟನ್ನು ಮಡಿಸಿ ನಿನಗೆ ಹಿಂದಿರುಗಿಸಬೇಕಿತ್ತು. ಪರಿಚಿತ ಕೈಬರಹ ಕಂಡರೆ ಹಿಂದಿರುಗಿಸತಕ್ಕದ್ದು ಎಂಬ ನಿಯಮವನ್ನು ನನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಮೌಲ್ಯಮಾಪಕ ಇನ್ನೊಬ್ಬನಿರಲಿಲ್ಲ. ನಿನ್ನ ಹತ್ತನೆಯ ತರಗತಿಯ ಪರೀಕ್ಷೆಯ ಕಥೆ ನಿನಗೆ ಗೊತ್ತೇ ಇದೆ. ಆ ವರ್ಷ ನನ್ನ ಮೇಜಿಗೆ ಬಂದ ಕಟ್ಟಿನ ಏಳನೆಯ ಪತ್ರಿಕೆ ನಿನ್ನದು. ಮೊದಲ ಸಾಲಿನಲ್ಲೇ ಗುರುತಿಸಿದೆ. ಇಡೀ ಕಟ್ಟನ್ನು ಎತ್ತಿಕೊಂಡು ಹೋಗಿ ಮುಖ್ಯಸ್ಥರ ಮುಂದಿಟ್ಟೆ. ಅವರು ನನ್ನ ಬೆನ್ನು ತಟ್ಟಿದರು. ಆ ಕಟ್ಟು ಅಂಕ ಕೊಡಲು ಜೀವ ಹೋಗುವವನಂತೆ ಆಡುವ ಒಬ್ಬನ ಕೈಗೆ ಹೋಯಿತು. ಎರಡು ಅಂಕ ಕಡಿಮೆಯಾಗಿ ನಿನಗೆ ಆ ಒಳ್ಳೆಯ ಕಾಲೇಜು ತಪ್ಪಿತು. ಸುತ್ತಿ ಬಳಸಿ ನೀನು ಅದೇ ವಿದ್ಯೆಗೆ ಬರಲು ನಾಲ್ಕು ವರ್ಷ ಹೆಚ್ಚು ಹಿಡಿಯಿತು. ನೀನು ಅತ್ತದ್ದು ಒಂದೇ ದಿನ. ಅಮ್ಮ ಬಿಡಲಿಲ್ಲ. “ನೀವೇ ನೋಡಿ ಎರಡು ಅಂಕ ಹಾಕಿದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಹೊರಗಿನವರಿಗೆ ಸತ್ಯಸಂಧರು, ಮನೆಯವರಿಗೆ ಮುಳ್ಳು” ಎಂದು, ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗಲೂ ಹೇಳಿದಳು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಹೋಗಿಬಿಟ್ಟಳು.

ಮೂವತ್ತೊಂದನೆಯ ಅರ್ಧಚಿತ್ರದಲ್ಲಿ, ಹೊರ ಅಂಚಿಗೆ ಸ್ವಲ್ಪ ಹಿಂದೆ, ಒಂದು ಕೋಶವಿತ್ತು. ಕೆಂಪು ಎನ್ನಲಾಗದು, ಬಿಳಿ ಎನ್ನಲೂ ಆಗದು. ಒಗೆದು ಮಾಸಿದ ಬಟ್ಟೆಯ ಕೆಂಪು. ಗೋಡೆ ಬಾಗಿದ್ದ ಅರ್ಧ ಅದು. ನಿನ್ನ ನಿಯಮ ಬಿಡು ಎಂದಿತು. ನನ್ನ ಪೆನ್ಸಿಲು ಅದರ ಮೇಲೆ ಚುಕ್ಕೆ ಇಟ್ಟಿತು. ಯಾರೂ ಬೈಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗಲಿಲ್ಲ. ಅಲ್ಲಿ ಸದ್ದು ಮಾಡುವವಳು ಇರಲಿಲ್ಲ. ಮುಂದಿನ ಚಿತ್ರದಲ್ಲಿ ಎರಡು ಅಂಥವು ಸಿಕ್ಕವು.

ಆಮೇಲೆ ಅದು ಅಭ್ಯಾಸವಾಯಿತು. ಬಾಗಿದ ಗೋಡೆಯ ಅರ್ಧಗಳಲ್ಲಿ ಮಸುಕನ್ನೆಲ್ಲ ಎಣಿಸಿದೆ, ನೇರ ಗೋಡೆಯ ಅರ್ಧಗಳಲ್ಲಿ ಮಸುಕನ್ನೆಲ್ಲ ಬಿಟ್ಟೆ. ಬಿಡುವುದು ಹೇಗೂ ನಿಯಮವೇ ಆಗಿದ್ದುದರಿಂದ, ಕೆಲಸದ ಅರ್ಧಭಾಗದಲ್ಲಿ ನಾನು ಪ್ರಾಮಾಣಿಕನಾಗಿಯೇ ಇದ್ದೆ. ಆ ಅರ್ಧದ ನೆರಳಿನಲ್ಲಿ ಇನ್ನೊಂದರ್ಧವನ್ನು ಬಚ್ಚಿಟ್ಟೆ. ನಿನಗೆ ಮೋಸ ಮಾಡುತ್ತಿದ್ದೇನೆಂದು ಒಂದು ಗಳಿಗೆಯೂ ಅನ್ನಿಸಲಿಲ್ಲ, ಅದೇ ಘೋರ. ಹಳೆಯ ಎರಡು ಅಂಕಗಳನ್ನು ನಿನಗೆ ಹಿಂದಿರುಗಿಸುತ್ತಿದ್ದೇನೆಂದೇ ಅಂದುಕೊಂಡೆ.

ಸಾಕ್ಷಿಯ ಪಕ್ಕಕ್ಕಿಂತ ಚುಚ್ಚಿದ ಪಕ್ಕದಲ್ಲಿ ನರಕೋಶಗಳು ನೂರಕ್ಕೆ ನಲವತ್ತು ಹೆಚ್ಚು ಬಂದವು. ಯಾವ ಅರ್ಧ ಯಾವ ಪಕ್ಕದ್ದೆಂದು ಬರೆದು ಮುಚ್ಚಿಟ್ಟಿದ್ದ ಪಟ್ಟಿಯನ್ನು ತೆರೆದು ಹೋಲಿಸಿ ನೋಡಿದ ಸಂಜೆ ನೀನು ಮೆಟ್ಟಿಲನ್ನು ಓಡಿ ಹತ್ತಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. “ಅಪ್ಪ, ನಲವತ್ತು” ಎಂದು ಬಾಗಿಲಲ್ಲೇ ನಿಂತು ಎರಡು ಸಲ ಹೇಳಿದೆ. ನಾನು ಅಷ್ಟು ನಿರೀಕ್ಷಿಸಿರಲಿಲ್ಲ. ಹನಿ ಹನಿಯಾಗಿ ಹಾಕಿದ್ದು ಹಳ್ಳವಾಗಿತ್ತು. ಬಾಯಿ ಬಿಡುವ ಗಳಿಗೆ ಅದಾಗಿತ್ತು ಮಗಳೇ. ನಿನ್ನ ಕೈಯಲ್ಲಿದ್ದುದು ಇನ್ನೂ ಒಂದು ಹಾಳೆ ಮಾತ್ರ, ಹರಿದುಹಾಕಿದ್ದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ನೀನು ಬರೆದ ಮೊದಲ ಕರಡಿನಲ್ಲಿ ಎರಡು ವಾಕ್ಯಗಳ ಅನ್ವಯ ಸರಿಯಿಲ್ಲವೆಂದು ತಿದ್ದಿದೆ.

ಲೇಖನ ಪ್ರಕಟವಾಯಿತು. ಜನ ನಿನ್ನನ್ನು ದೂರದೂರಕ್ಕೆ ಕರೆದರು. ಎರಡು ವರ್ಷ ಕಳೆಯುವುದರೊಳಗೆ ಬೇರೆ ಎರಡು ಪ್ರಯೋಗಾಲಯಗಳಿಂದ ಪತ್ರ ಬಂತು. ಅವರಿಗೆ ಎಷ್ಟು ಸಲ ಮಾಡಿದರೂ ನಲವತ್ತರ ಹತ್ತಿರಕ್ಕೂ ಬರಲಿಲ್ಲ. ನೀನು ನಿನ್ನ ಸೂಜಿಯನ್ನು, ತಂತಿಗಳನ್ನು, ದ್ರವವನ್ನು, ಕಾವಿನ ಪೆಟ್ಟಿಗೆಯ ಉಷ್ಣವನ್ನು, ಕೊನೆಗೆ ನಿನ್ನ ಕಣ್ಣನ್ನು ಅನುಮಾನಿಸಿದೆ. ಹಿರಿಯ ವಿಜ್ಞಾನಿ ಒಂದು ಕಾರಣ ಹುಡುಕಿದರು: ಪದರ ಓರೆಯಾಗಿ ಕತ್ತರಿಸಿದ್ದರೆ ಒಂದು ಪಕ್ಕ ಮೇಲಿನ ಮಟ್ಟವನ್ನೂ ಇನ್ನೊಂದು ಪಕ್ಕ ಕೆಳಗಿನ ಮಟ್ಟವನ್ನೂ ತೋರಿಸುತ್ತದೆ, ನರಕೋಶಗಳ ಸಂಖ್ಯೆ ಸುಳ್ಳಾಗುತ್ತದೆ. ಆ ಓರೆಯ ತಪ್ಪು ಹೊರಲು ಒಬ್ಬಳು ಬೇಕಿತ್ತು. ಪದರದಕ್ಕ ಇದ್ದಳು.

ತಪ್ಪು ಕತ್ತರಿಸಿದವಳದೆಂದು ಹೇಳುವ ವರದಿಗೆ ನೀನು ಸಹಿ ಹಾಕುವ ಹಿಂದಿನ ಸಂಜೆ, ಇದೇ ಮೇಜಿನ ಆಚೆ ಕುಳಿತು ನೀನು ಕೇಳಿದೆ: “ಅಪ್ಪ, ಎಣಿಸುವಾಗ ನಿಮಗೆ ಏನಾದ್ರೂ ಅನುಮಾನ ಬಂದಿತ್ತಾ?”

ನಾನು “ಇಲ್ಲ” ಎಂದೆ.

ನೀನು, “ಸರಿ. ನಿಮ್ಮ ಎಣಿಕೆ ಒಂದನ್ನ ಬಿಟ್ಟು ಉಳಿದದ್ದನ್ನೆಲ್ಲ ಅನುಮಾನಿಸ್ತೀನಿ” ಎಂದೆ.

ನನ್ನ ಜೀವಮಾನದಲ್ಲಿ ನಾನಾಡಿದ ಅತ್ಯಂತ ಚಿಕ್ಕ ವಾಕ್ಯ ಆ “ಇಲ್ಲ”. ಅದರ ಮೇಲೆ ನೀನು ಏಳು ವರ್ಷ ಕಟ್ಟಿಕೊಂಡು ಬಂದೆ. ಲೇಖನವನ್ನು ಹಿಂದಕ್ಕೆ ಪಡೆದೆ. ಪದರದಕ್ಕನನ್ನು ಕೆಲಸದಿಂದ ತೆಗೆದರು. ಮರುವರ್ಷ ನೀನೇ ಬಿಟ್ಟು ಬಂದೆ, “ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ” ಎಂದು. ಈಗ ದಿನವಿಡೀ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಜೀವವಿದ್ದದ್ದನ್ನು ಒಂದು ತಟ್ಟೆಗೂ ಇಲ್ಲದ್ದನ್ನು ಇನ್ನೊಂದು ತಟ್ಟೆಗೂ ಹಾಕುತ್ತೀಯೆ. ಕಿಟಕಿ ಕೊರೆಯುತ್ತಿದ್ದವಳು ಚಿಪ್ಪಿನ ಹೊರಗೇ ನಿಂತಿದ್ದೀಯೆ. ಒಂದು ಸಲ ನಿನ್ನನ್ನು ನೋಡಲು ಅಲ್ಲಿಗೆ ಬಂದಾಗ, ಫಲಕದ ಮೇಲಿನ ಎರಡು ಕಾಗುಣಿತದ ತಪ್ಪುಗಳನ್ನು ಮೇಲ್ವಿಚಾರಕನಿಗೆ ತೋರಿಸಿದೆ. ನೀನು ಬೆಳಕಿನ ಪೆಟ್ಟಿಗೆಯ ಹಿಂದೆ ನಿಂತು ನಕ್ಕೆ. ಆ ನಗೆಯನ್ನು ನಾನು ಸಮಾಧಾನವೆಂದು ಮನೆಗೆ ತಂದುಕೊಂಡೆ. ಬೇರೆಯವರ ತಪ್ಪು ನನಗೆ ಎಷ್ಟು ದೂರದಿಂದಲೂ ಕಾಣುತ್ತಿತ್ತು.

ಕಳೆದ ತಿಂಗಳು ಊಟ ಮಾಡುತ್ತಿದ್ದಾಗ ನೀನು ಫೋನಿನಲ್ಲಿ ಏನನ್ನೋ ಓದಿ ಕೈ ನಿಲ್ಲಿಸಿದೆ. “ಅಪ್ಪ, ಯಾರೋ ಅದೇ ತುಣುಕಿನ ಮೇಲೆ ಕೆಲಸ ಮಾಡಿದ್ದಾರೆ. ನೂರಕ್ಕೆ ಹನ್ನೆರಡು ಹೆಚ್ಚಂತೆ. ಸಣ್ಣದು, ಆದರೆ ನಿಜ ಅಂತೆ.” ಸ್ವಲ್ಪ ಹೊತ್ತಿನ ಮೇಲೆ, “ನಾನೂ ಹನ್ನೆರಡೇ ನೋಡಿದ್ದಿದ್ರೆ” ಎಂದು ಮಾತನ್ನು ಅಲ್ಲಿಗೇ ಬಿಟ್ಟು, ತಟ್ಟೆಗಳನ್ನು ತೆಗೆದುಕೊಂಡು ಎದ್ದೆ. ಅಪೂರ್ಣ ವಾಕ್ಯವನ್ನು ನಾನು ಎಂದೂ ಸಹಿಸಿದವನಲ್ಲ. ಅದನ್ನು ಪೂರ್ಣಗೊಳಿಸಬಲ್ಲವನು ನಾನೊಬ್ಬನೇ ಇದ್ದೆ. ನೀರು ಕುಡಿದೆ.

ಎಂಟು ದಿನಗಳ ಹಿಂದೆ ಕಿಟಕಿಯ ಪರದೆಗೆ ಬಟ್ಟೆ ತರಲು ಹೋದಾಗ, ಅಂಗಡಿಯ ಉದ್ದನೆಯ ಮೇಜಿನ ಹಿಂದೆ ಕತ್ತರಿ ಹಿಡಿದು ನಿಂತಿದ್ದವಳು ಪದರದಕ್ಕ. ನನ್ನನ್ನು ಕಂಡು, “ಏನ್ ಮೇಷ್ಟ್ರೇ, ಕೂದಲೆಲ್ಲ ಪರೀಕ್ಷೆ ಮುಗಿಸಿ ಮನೆಗೆ ಹೋಯ್ತಾ?” ಎಂದು ನಕ್ಕಳು. ಬಟ್ಟೆಯನ್ನು ಅಳೆದು, ಗುರುತು ಹಾಕಿ, ಅಡ್ಡಲಾಗಿ ಒಂದೇ ಒಂದು ನೂಲನ್ನು ಹಿಡಿದು ಮೆಲ್ಲನೆ ಎಳೆಯತೊಡಗಿದಳು. ನೂಲು ಹೊರಬಂದಂತೆ ಬಟ್ಟೆಯ ಉದ್ದಕ್ಕೂ ಕೂದಲೆಳೆಯಂಥ ಒಂದು ದಾರಿ ಬಿದ್ದಿತು. ಆ ದಾರಿಯ ಮೇಲೆಯೇ ಕತ್ತರಿ ಹಾಯಿಸಿದಳು.

“ಎಲ್ಲರೂ ಹೀಗೇ ಕತ್ತರಿಸುತ್ತಾರೆಯೇ?” ಎಂದು ಕೇಳಿದೆ.

“ಇಲ್ಲ, ನಾನೊಬ್ಬಳೇ. ಓರೆಯಾಗಿ ಕತ್ತರಿಸ್ತಾಳೆ ಅಂತ ಒಂದು ಸಲ ಹೆಸರು ಬಂದಿದೆಯಲ್ಲ. ಈಗ ನೂಲು ಎಳೆಯದೆ ಕತ್ತರಿ ಹಾಕೋಕೆ ಕೈ ಬರಲ್ಲ. ಯಜಮಾನರು ಬೈತಾರೆ, ಹೊತ್ತಾಗುತ್ತೆ ಅಂತ.” ಬಟ್ಟೆ ಮಡಿಸುತ್ತ ದನಿ ತಗ್ಗಿಸಿದಳು. “ನಿಮ್ಮ ಮಗಳ ಮೇಲೆ ನನಗೆ ಕೋಪ ಇಲ್ಲ. ಅವಳಿಗೂ ಒಳ್ಳೇದೇನೂ ಆಗಲಿಲ್ಲವಂತೆ. ಒಂದು ಮಾತು ಕೇಳ್ಲಾ? ನೀವು ಆ ಚಿತ್ರಗಳನ್ನ ಒಂದೊಂದಾಗಿ ಕಣ್ಣಿಟ್ಟು ನೋಡಿದೋರು. ನಿಜವಾಗ್ಲೂ ಓರೆ ಇತ್ತಾ?”

“ನನಗೆ ಆ ಶಾಸ್ತ್ರ ತಿಳಿಯದಮ್ಮ” ಎಂದು ಬಟ್ಟೆ ತೆಗೆದುಕೊಂಡು ಬಂದೆ. ಆ ಪರದೆಯನ್ನು ನೀನು ಮರುದಿನವೇ ಕಿಟಕಿಗೆ ಹಾಕಿದೆ. “ಎಷ್ಟು ನೇರವಾಗಿ ಕತ್ತರಿಸಿದ್ದಾರೆ ನೋಡಿ ಅಪ್ಪ, ಅಂಚು ಮಡಿಸೋದೇ ಸುಲಭ ಆಯ್ತು” ಎಂದೆ. ಕತ್ತರಿಸಿದವಳು ಯಾರೆಂದು ಆಗಲೂ ಹೇಳಲಿಲ್ಲ.

ನೀನು ಹೊರಗಿದ್ದ ಹೊತ್ತಿನಲ್ಲಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದು, ಐದು ದಿನ ಕುಳಿತು, ನೂರ ಇಪ್ಪತ್ತೆಂಟನ್ನೂ ಮತ್ತೆ ಎಣಿಸಿದೆ. ನನ್ನ ಹಳೆಯ ಚುಕ್ಕೆಗಳನ್ನು ಅಳಿಸದೆ, ಸ್ಪಷ್ಟ ಕೆಂಪನ್ನು ಮಾತ್ರ ಬೇರೆ ಹಾಳೆಯಲ್ಲಿ ಗುರುತಿಸಿಕೊಂಡೆ. ಒಂದೇ ಚಿತ್ರದ ಎರಡು ಅರ್ಧಗಳನ್ನು ಜೋಡಿಸಿ ನೋಡಿದೆ. ಎರಡು ಪಕ್ಕಗಳೂ ಒಂದೇ ಮಟ್ಟದಲ್ಲಿವೆ. ಎಲ್ಲೂ ಓರೆಯಿಲ್ಲ. ಎಣಿಕೆ ನೂರಕ್ಕೆ ಹನ್ನೊಂದು ಹೆಚ್ಚು ಬಂದಿತು.

ಇದರ ಅರ್ಥವನ್ನು ನಾನು ಬರೆಯಲೇಬೇಕು. ನಿನ್ನ ಹತ್ತಿರ ಸತ್ಯವಿತ್ತು. ಸಣ್ಣದಾಗಿತ್ತು, ಕುಂದಿಲ್ಲದ್ದಾಗಿತ್ತು, ಯಾರು ಮಾಡಿದರೂ ಮತ್ತೆ ಅಷ್ಟೇ ಬರುವಂಥದ್ದಾಗಿತ್ತು. ನಾನು ಏನೂ ಕೊಡದಿದ್ದರೆ ನೀನು ತೇರ್ಗಡೆಯಾಗುತ್ತಿದ್ದೆ. ಕೊಟ್ಟಿದ್ದರಿಂದಲೇ ಅನುತ್ತೀರ್ಣಳಾದೆ. ಸುಳ್ಳನ್ನು ಸತ್ಯವಾಗಿಸಿದ್ದರೆ ಕಳ್ಳನೆಂದು ಕರೆಸಿಕೊಂಡಾದರೂ ಸಾಯುತ್ತಿದ್ದೆ. ಸತ್ಯವನ್ನು ಸುಳ್ಳಾಗಿಸಿದವನಿಗೆ ನನಗೆ ತಿಳಿದ ಭಾಷೆಯಲ್ಲಿ ಹೆಸರಿಲ್ಲ.

ಆ ಹನ್ನೊಂದನ್ನೂ ನಂಬಬೇಡ. ಮತ್ತೆ ಎಣಿಸುವಾಗ ನನಗೆ ಹನ್ನೆರಡು ಎಂಬ ಸಂಖ್ಯೆ ಗೊತ್ತಿತ್ತು. ನನ್ನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದಕ್ಕೆ ನೀನು ಹನಿ ಹಾಕುತ್ತೀಯೆ. ಮಸುಕನ್ನು ಮಸುಕೆಂದು ಹೇಳುವ ಅಧಿಕಾರ ನನ್ನ ಕೈಯಲ್ಲಿ ಉಳಿದಿಲ್ಲ.

ಇಂದು ಬೆಳಿಗ್ಗೆ ನೀನು ಹೊರಟ ಮೇಲೆ ಬಟ್ಟೆ ಅಂಗಡಿಗೆ ಹೋದೆ. ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದು, ಪದರದಕ್ಕನಿಗೆ ಎಲ್ಲವನ್ನೂ ಹೇಳಿದೆ. ಆಕೆ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

“ಮಗಳಿಗೆ ಹೇಳಿದ್ದೀರಾ?” ಎಂದು ಕೇಳಿದಳು.

“ಇನ್ನೂ ಇಲ್ಲ.”

“ಮತ್ತೆ ನನಗೆ ಯಾಕೆ ಮೊದಲು?”

“ನಿನಗೆ ಹೇಳುವುದು ಸುಲಭವಾಗಿತ್ತು” ಎಂದೆ. ಅದಕ್ಕಿಂತ ಮರ್ಯಾದೆಯ ಉತ್ತರ ನನ್ನಲ್ಲಿರಲಿಲ್ಲ.

ಆಕೆ ಬಲಗೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. “ತಡ ಮಾಡಿಬಿಟ್ರಿ ಮೇಷ್ಟ್ರೇ. ಈಗ ಅವರೇ ಬಂದು ಕರೆದ್ರೂ ಪದರ ಕತ್ತರಿಸೋ ಆ ಚಳಿ ಯಂತ್ರದ ಮುಂದೆ ಈ ಕೈ ನಿಲ್ಲಲ್ಲ. ಬಟ್ಟೆ ಆದ್ರೆ ಹೇಗೋ ನಡೆಯುತ್ತೆ. ಏಳು ವರ್ಷ ನಾನು ನನ್ನ ಕೈಯನ್ನೇ ಬೈಕೊಂಡೆ.” ಆಮೇಲೆ ಒಬ್ಬರು ಗಿರಾಕಿ ಬಂದರು. ಆಕೆ ನೂಲು ಹುಡುಕಲು ಬಗ್ಗಿದಳು. ನಾನು ಬಂದೆ.

ಈ ಪತ್ರ ನಿನಗೆ ನೆಮ್ಮದಿ ತರುವುದಿಲ್ಲವೆಂದು ನನಗೆ ಗೊತ್ತು. ನಿನ್ನ ಕೈ ಶುದ್ಧವೆಂದು ತಿಳಿಯುವ ಕ್ಷಣದಲ್ಲೇ, ಆ ಕೈ ಹಾಕಿದ ಒಂದು ಸಹಿ ಒಬ್ಬ ನಿರಪರಾಧಿಯನ್ನು ಹೊರಹಾಕಿತೆಂಬುದೂ ನಿನಗೆ ತಿಳಿಯುತ್ತದೆ. ನೀನು ಅನುಮಾನಿಸದೆ ಉಳಿಸಿಕೊಂಡಿದ್ದ ಒಂದೇ ಒಂದನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಹೇಳದಿದ್ದರೂ ನಿನ್ನನ್ನು ಕೊಂದಂತೆ, ಹೇಳಿದರೂ ಕೊಂದಂತೆ ಎಂಬ ಸ್ಥಿತಿಗೆ ತಂದುಕೊಂಡವನು ನಾನೇ. ಗಳಿಗೆ ಮೀರಿದ ಮೇಲೆ ಕಾವಲುಗಾರ ಎದ್ದುಹೋದರೆ ಏನಾಗುತ್ತದೆಂದು ನಿನ್ನನ್ನು ಒಮ್ಮೆ ಕೇಳಿದ್ದೆ. “ಏನೂ ಆಗಲ್ಲ ಅಪ್ಪ. ಬಾಗಿಲು ತೆರೆದಿರುತ್ತೆ, ಒಳಗೆ ಯಾರೂ ಇರಲ್ಲ” ಎಂದಿದ್ದೆ.

ಮೇಜಿನ ಮೇಲೆ ತಗಡಿನ ಪೆಟ್ಟಿಗೆ ಇದೆ. ಅದರ ಮೇಲೆ ಹಿರಿಯ ವಿಜ್ಞಾನಿಗೂ ಆ ಸಂಸ್ಥೆಗೂ ನಾನು ಬರೆದ ಪತ್ರದ ಪ್ರತಿಯಿದೆ. ಮೂಲವನ್ನು ಬೆಳಿಗ್ಗೆಯೇ ಅಂಚೆಗೆ ಹಾಕಿದ್ದೇನೆ. ಅದರಲ್ಲಿ ಪದರದಕ್ಕನ ಹೆಸರನ್ನು ಪೂರ್ತಿಯಾಗಿ, ತಪ್ಪಿಲ್ಲದೆ ಬರೆದಿದ್ದೇನೆ. ಪೆಟ್ಟಿಗೆಯಲ್ಲಿ ಹಳೆಯ ಚುಕ್ಕೆಗಳಿರುವ ಚಿತ್ರಗಳಿವೆ. ಚುಕ್ಕೆಯಿಲ್ಲದ ಚಿತ್ರಗಳು ನಿನ್ನ ಬಳಿ ಇದ್ದರೆ, ಅವನ್ನು ಮತ್ತೆ ಮುದ್ರಿಸಿ, ಬಾಗು ಕಾಣದಂತೆ ಎಲ್ಲ ಅರ್ಧಗಳ ಒಳ ಅಂಚನ್ನೂ ಕತ್ತರಿಸಿ ತೆಗೆದು, ಹೊಸದಾಗಿ ಎಣಿಸಲು ಕೊಡು. ನಿನ್ನ ಗೆಳತಿಯರಿಗೆ ಕೊಡಬೇಡ. ನಿನ್ನ ಬಗ್ಗೆ ಮರುಕವಿರುವ ಯಾರಿಗೂ ಕೊಡಬೇಡ.

ಆರು ಗಂಟೆಗೆ ನೀನು ಬರುವ ಹೊತ್ತಿಗೆ ನಾನು ನನ್ನ ಕೋಣೆಯಲ್ಲಿರುತ್ತೇನೆ. ಕದ ತೆರೆದೇ ಇರುತ್ತದೆ. ಕಣ್ಣಿನ ಹನಿಯನ್ನು ಇಂದು ನಾನೇ ಹಾಕಿಕೊಂಡಿದ್ದೇನೆ. ಅರ್ಧ ಕೆನ್ನೆಗೆ ಹೋಯಿತು. ಒಳಗೆ ಬರಬೇಕೆಂಬ ಒತ್ತಾಯವಿಲ್ಲ.

ಕೊನೆಗೆಂದು ಉಳಿಸಿದ್ದ ಆಶೀರ್ವಾದ ಇದು, ಬೇಕಾದರೆ ತೆಗೆದುಕೋ: ನಿನ್ನನ್ನು ಎಳ್ಳಷ್ಟೂ ಪ್ರೀತಿಸದ ಒಬ್ಬ ಎಣಿಕೆಗಾರ ನಿನಗೆ ಸಿಗಲಿ.

ಕಟ್ಟನ್ನು ಹಿಂದಿರುಗಿಸದೆ ಇಟ್ಟುಕೊಂಡ,
ನಿನ್ನ ಅಪ್ಪ